ಹಾಲಿ ಸಿಕ್ಕಾದಿಂದ ಬಿಟ್‌ಕಾಯಿನ್‌ವರೆಗೆ: ಹಣದ ನಿಯಮ ಬದಲಾದಾಗ ಪಾಠ ಹೇಳಿದವರು ಯಾರು?

ಅಫಜಲಪುರ ತಾಲ್ಲೂಕಿನ ಸೊನ್ನ ಗ್ರಾಮದ ಬಳಿ ಭೀಮಾ ನದಿಗೆ ಕಟ್ಟಿರುವ ಬ್ಯಾರೇಜಿನ ಮೇಲೆ ನಿಂತರೆ ಈಚೆ ದಡ ಕಲಬುರಗಿ ಜಿಲ್ಲೆ, ಆಚೆ ದಡ ವಿಜಯಪುರ ಜಿಲ್ಲೆ. ಎರಡೂ ಕರ್ನಾಟಕವೇ, ಎರಡೂ ಕಡೆ ಚಲಾವಣೆಯಲ್ಲಿರುವುದು ಒಂದೇ ರೂಪಾಯಿ. ಆದರೆ ಸ್ವಾತಂತ್ರ್ಯಕ್ಕೆ ಮುಂಚೆ ಇಲ್ಲಿ ನದಿ ದಾಟಿದವನಿಗೆ ಸರ್ಕಾರವೂ ಬದಲಾಗುತ್ತಿತ್ತು, ಹಣವೂ ಬದಲಾಗುತ್ತಿತ್ತು. ಈಚೆ ನಿಜಾಮನ ಹೈದರಾಬಾದ್ ಸಂಸ್ಥಾನ, ಆಚೆ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆ. ಈಚೆ ಚಾರ್‌ಮಿನಾರ್ ಚಿತ್ರವಿದ್ದ ‘ಹಾಲಿ ಸಿಕ್ಕಾ’, ಆಚೆ ಬ್ರಿಟಿಷ್ ದೊರೆಯ ಮುಖವಿದ್ದ ‘ಕಲದಾರ’ ರೂಪಾಯಿ.

ಹಣವೆಂದರೆ ಲೋಹ ಅಥವಾ ಕಾಗದ ಎಂದು ನಾವು ತಿಳಿಯುತ್ತೇವೆ. ನಿಜದಲ್ಲಿ ಅದು ಒಂದು ನಿಯಮಾವಳಿ. ಯಾವ ನಾಣ್ಯವನ್ನು ಯಾರು ಒಪ್ಪಿಕೊಳ್ಳಬೇಕು, ಒಂದನ್ನು ಎಷ್ಟು ಚೂರಾಗಿ ಒಡೆಯಬಹುದು, ಒಂದಕ್ಕೆ ಇನ್ನೊಂದು ಎಷ್ಟು ಸಮ ಎಂಬ ಒಪ್ಪಂದಗಳೇ ಹಣಕ್ಕೆ ಬೆಲೆ ತರುತ್ತವೆ. ಈ ಒಪ್ಪಂದ ಬದಲಾಗುವಾಗ ಅದನ್ನು ಜನರಿಗೆ ಕಲಿಸುವ ಕೆಲಸವೊಂದು ಹುಟ್ಟಿಕೊಳ್ಳುತ್ತದೆ. ಇಂದು ಬಿಟ್‌ಕಾಯಿನ್‌ನಂಥ ಕ್ರಿಪ್ಟೋ ಹಣದ ಲೋಕದಲ್ಲಿ ನಿಯಮ ಬದಲಾವಣೆಗೆ ಮುಂಚೆ ಕಂಪೆನಿಗಳ ಎಂಜಿನಿಯರುಗಳಿಗೆಂದೇ ತರಬೇತಿ ಕಾರ್ಯಾಗಾರಗಳು ನಡೆಯುತ್ತಿವೆ. ಇದು ಹೊಚ್ಚ ಹೊಸ ಸಂಗತಿ ಎನಿಸಬಹುದು. ಭೀಮಾ ತೀರದ ಜನ ಮಾತ್ರ ಹತ್ತು ವರ್ಷಗಳೊಳಗೆ ಇಂಥ ಎರಡು ಬದಲಾವಣೆಗಳನ್ನು ಕಂಡವರು.

ಏಳಕ್ಕೆ ಆರು

‘ಹಾಲಿ’ ಎಂದರೆ ಸದ್ಯ ಚಲಾವಣೆಯಲ್ಲಿರುವುದು, ‘ಸಿಕ್ಕಾ’ ಎಂದರೆ ನಾಣ್ಯ. ಬ್ರಿಟಿಷರ ರೂಪಾಯಿ ‘ಕಲ್’ ಅಂದರೆ ಯಂತ್ರದಲ್ಲಿ ಮುದ್ರಿತವಾದದ್ದು, ಆದ್ದರಿಂದ ಕಲದಾರ. ಭಾರತದ ಸಂಸ್ಥಾನಗಳ ಪೈಕಿ ಸ್ವಂತ ನಾಣ್ಯದ ಜೊತೆಗೆ ಸ್ವಂತ ಕಾಗದದ ನೋಟನ್ನೂ ದಶಕಗಳ ಕಾಲ ನಡೆಸಿಕೊಂಡು ಬಂದ ಹೆಗ್ಗಳಿಕೆ ಹೈದರಾಬಾದಿನದು. ಮೊದಲ ಮಹಾಯುದ್ಧದ ಕಾಲದಲ್ಲಿ ಬೆಳ್ಳಿಗೆ ಅಭಾವ ಉಂಟಾದಾಗ ಬ್ರಿಟಿಷರು ಇದಕ್ಕೆ ಸಮ್ಮತಿಸಿದರು. 1918ರಲ್ಲಿ ಹೈದರಾಬಾದ್ ಕರೆನ್ಸಿ ಕಾಯಿದೆ ಬಂತು. ಆ ನೋಟುಗಳ ಮೇಲೆ ಮೊತ್ತವನ್ನು ಉರ್ದುವಿನ ಜೊತೆಗೆ ತೆಲುಗು, ಮರಾಠಿ ಮತ್ತು ಕನ್ನಡದಲ್ಲೂ ಮುದ್ರಿಸಲಾಗಿತ್ತು. ಶಾಲೆ, ಕಚೇರಿ, ಕೋರ್ಟುಗಳಲ್ಲೆಲ್ಲ ಉರ್ದುವೇ ಆಳುತ್ತಿದ್ದ ಸಂಸ್ಥಾನದಲ್ಲಿ ಅಕ್ಷರ ಬಲ್ಲ ಕನ್ನಡಿಗನೊಬ್ಬ ಸರ್ಕಾರದ ಕಾಗದವೊಂದನ್ನು ತನ್ನ ಲಿಪಿಯಲ್ಲೇ ಓದಬಹುದಾಗಿದ್ದ ಅಪರೂಪದ ಜಾಗ ಅದು. ಈ ಹಣದ ಉಸ್ತುವಾರಿಗೆ 1941ರಲ್ಲಿ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಸ್ಥಾಪನೆಯಾಯಿತು.

ಎರಡು ಹಣಗಳ ನಡುವಿನ ದರ ಏಳಕ್ಕೆ ಆರು. ಏಳು ಹಾಲಿ ರೂಪಾಯಿಗೆ ಆರು ಕಲದಾರ. ನೂರು ಕಲದಾರ ರೂಪಾಯಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ. ಮೇಲ್ನೋಟಕ್ಕೆ ಇದು ಸರಳ. ನದಿಯ ಆಚೆಗಿನ ಸಂತೆಯಲ್ಲಿ ಜೋಳ ಮಾರಿ 12 ಕಲದಾರ ರೂಪಾಯಿ ತಂದ ರೈತನಿಗೆ ಈಚೆ 14 ಹಾಲಿ ರೂಪಾಯಿ ಸಿಗಬೇಕು, ಲೆಕ್ಕ ಚೊಕ್ಕ. ಆದರೆ ಅವನ ಕೈಯಲ್ಲಿ ಒಂದೇ ಹಾಲಿ ರೂಪಾಯಿ ಇದ್ದು, ಅದನ್ನು ಕಲದಾರಕ್ಕೆ ಬದಲಾಯಿಸಬೇಕಾದರೆ ಸಿಗುವುದು 13 ಆಣೆ 8 ಪೈ ಮತ್ತು ಒಂದು ಪೈಯ ಏಳನೇ ನಾಲ್ಕು ಭಾಗ. ಪೈಗಿಂತ ಚಿಕ್ಕ ನಾಣ್ಯವೇ ಇಲ್ಲ. ಆ ಚೂರು ಯಾರ ಪಾಲಾಗಬೇಕು? ಕೊಡುವವನದೋ, ಕೊಳ್ಳುವವನದೋ, ನಡುವೆ ಕೂತ ಚಿಲ್ಲರೆ ವ್ಯಾಪಾರಿಯದೋ?

ಗಡಿಯ ಊರುಗಳಿಗೆ ಇದು ನಿತ್ಯದ ಪ್ರಶ್ನೆ. ಭೀಮಾ ತೀರದ ದೇವಲ ಗಾಣಗಾಪುರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿನ ದತ್ತಾತ್ರೇಯನಿಗೆ ನಡೆದುಕೊಳ್ಳುವ ಭಕ್ತರಲ್ಲಿ ಬಹಳಷ್ಟು ಮಂದಿ ಕಲದಾರ ನಡೆಯುತ್ತಿದ್ದ ಮರಾಠಿ ಸೀಮೆಯವರು. ಆಳಂದದ ಮಗ್ಗುಲಿಗೇ ಅಕ್ಕಲಕೋಟ, ಅದರಾಚೆ ಸೊಲ್ಲಾಪುರದ ಗಿರಣಿಗಳು. ಬಾಯಿಲೆಕ್ಕ ಬಲ್ಲವನು ಇಲ್ಲಿ ಬದುಕಿದ, ಬಾರದವನು ಬಲ್ಲವನನ್ನು ನಂಬಿದ.

1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಭಾರತ ಒಕ್ಕೂಟಕ್ಕೆ ಸೇರಿತು. 1950ರಲ್ಲಿ ಭಾರತದ ರೂಪಾಯಿ ಅಲ್ಲಿ ಹಾಲಿ ಸಿಕ್ಕಾದ ಜೊತೆಜೊತೆಗೆ ಚಲಾವಣೆಗೆ ಬಂತು. ದರ ಅದೇ ಏಳಕ್ಕೆ ಆರು. 1951ರಲ್ಲಿ ಹಾಲಿ ಹಣದ ಹೊಸ ಬಿಡುಗಡೆ ನಿಂತಿತು. ಅದು ಸಂಪೂರ್ಣ ರದ್ದಾದದ್ದು 1959ರಲ್ಲಿ. ಹೊಸ ಹಣ ಬಂದ ಮರುದಿನವೇ ಹಳೆಯದನ್ನು ಕಸ ಮಾಡದೆ ಇಷ್ಟು ದೀರ್ಘ ಅವಧಿಯನ್ನು ಕೊಟ್ಟದ್ದರಿಂದ ಮಡಕೆಯಲ್ಲಿ, ಗೋಡೆಯ ಗೂಡಿನಲ್ಲಿ ಕೂಡಿಟ್ಟ ಹಣ ಹೊರಬರಲು ಸಮಯ ಸಿಕ್ಕಿತು.

ನಯಾ ಪೈಸೆ ಬಂದ ದಿನ

1956ರ ನವೆಂಬರ್ 1ರಂದು ಗುಲ್ಬರ್ಗ ಜಿಲ್ಲೆ ಹೊಸ ಮೈಸೂರು ರಾಜ್ಯಕ್ಕೆ ಸೇರಿತು. ವಿಜಾಪುರವೂ ಸೇರಿತು. ಭೀಮೆಯ ಎರಡೂ ದಡ ಒಂದೇ ರಾಜ್ಯವಾಗಿ ಐದು ತಿಂಗಳು ಕಳೆಯುವುದರೊಳಗೆ ಇನ್ನೊಂದು ಬದಲಾವಣೆ ಬಂತು. 1957ರ ಏಪ್ರಿಲ್ 1ರಿಂದ ರೂಪಾಯಿಗೆ 16 ಆಣೆಯ ಬದಲು 100 ನಯೇ ಪೈಸೆ.

ಅದುವರೆಗೆ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ ಅಥವಾ 12 ಪೈ. ಹೀಗೆ ರೂಪಾಯಿಗೆ 64 ಪೈಸೆ, 192 ಪೈ. ಹದಿನಾರರ ಈ ಲೆಕ್ಕ ಸಂತೆಗೆ ಹೇಳಿ ಮಾಡಿಸಿದಂತಿತ್ತು. ಅರ್ಧ, ಅರ್ಧದಲ್ಲಿ ಅರ್ಧ, ಅದರ ಅರ್ಧ ಎಂದು ಒಡೆಯುತ್ತ ಹೋದರೆ ಎಂಟಾಣೆ, ಪಾವಲಿ, ಎರಡಾಣೆ, ಒಂದಾಣೆ ಎಂದು ಎಲ್ಲಿಯೂ ಚೂರು ಉಳಿಯುತ್ತಿರಲಿಲ್ಲ. ಆದರೆ ಬ್ಯಾಂಕು, ರೈಲ್ವೆ, ಖಜಾನೆಗಳ ಉದ್ದನೆಯ ಲೆಕ್ಕಗಳಲ್ಲಿ ಪೈಯನ್ನು ಆಣೆ ಮಾಡಿ, ಆಣೆಯನ್ನು ರೂಪಾಯಿ ಮಾಡಿ ಕೂಡುವುದು ತಲೆನೋವು. ಹತ್ತರ ಲೆಕ್ಕ ಬಂದರೆ ಗುಮಾಸ್ತರ ಕೆಲಸ ಹಗುರ, ಮಕ್ಕಳ ಗಣಿತವೂ ಹಗುರ ಎಂಬ ವಾದ ಗೆದ್ದಿತು. ಇದಕ್ಕಾಗಿ 1955ರಲ್ಲಿ ನಾಣ್ಯ ಕಾಯಿದೆಗೆ ತಿದ್ದುಪಡಿಯಾಯಿತು.

ತೊಡಕು ಇದ್ದದ್ದು ಎರಡು ಲೆಕ್ಕಗಳ ಕೂಡುಜಾಗದಲ್ಲಿ. ಒಂದು ಆಣೆಗೆ ಆರೂಕಾಲು ನಯೇ ಪೈಸೆ. ಕಾಲು ನಯಾ ಪೈಸೆಯ ನಾಣ್ಯ ಇಲ್ಲ. ಅರ್ಧ ಅಥವಾ ಅದಕ್ಕಿಂತ ಕಡಿಮೆ ಚೂರು ಬಿಡುವುದು, ಅರ್ಧಕ್ಕಿಂತ ಹೆಚ್ಚಿದ್ದರೆ ಒಂದೆಂದು ಹಿಡಿಯುವುದು ಎಂಬ ನಿಯಮ ಬಂತು. ಅದರಂತೆ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಪಾವಲಿ, ಎಂಟಾಣೆ, ಹನ್ನೆರಡಾಣೆಗಳು ಸರಿಯಾಗಿ ಹೊಂದಿಕೊಂಡವು. ಉಳಿದವೆಲ್ಲ ಹಿಂದೆ ಮುಂದೆ.

ಈ ಪಟ್ಟಿಯನ್ನು ಕಲಿಸುವುದೇ ಆ ವರ್ಷದ ದೊಡ್ಡ ಪಾಠವಾಯಿತು. ಪತ್ರಿಕೆಗಳಲ್ಲಿ, ಅಂಚೆ ಕಚೇರಿಗಳಲ್ಲಿ ಪರಿವರ್ತನೆ ಕೋಷ್ಟಕಗಳು ಕಾಣಿಸಿಕೊಂಡವು. ಅಂಚೆ ಇಲಾಖೆ ಏಪ್ರಿಲ್ 1ರಂದೇ ಭಾರತದ ನಕ್ಷೆಯುಳ್ಳ ಹೊಸ ಸ್ಟಾಂಪುಗಳನ್ನು ತಂದಿತು. ಅವುಗಳಲ್ಲಿ 13 ನಯೇ ಪೈಸೆಯ ಒಂದು ಸ್ಟಾಂಪು ಇತ್ತು. ಹತ್ತರ ಲೆಕ್ಕಕ್ಕೆ ಸ್ವಲ್ಪವೂ ಒಗ್ಗದ ಈ 13 ಎಲ್ಲಿಂದ ಬಂತು ಎಂದು ಇಂದಿನ ಸ್ಟಾಂಪು ಸಂಗ್ರಹಕಾರರಿಗೆ ಅನಿಸೀತು. ಎರಡಾಣೆಯೆಂದರೆ ಹನ್ನೆರಡೂವರೆ ಎಂಬುದನ್ನು ನೆನೆದರೆ ಅದರ ಮೂಲ ತಿಳಿಯುತ್ತದೆ.

ಕೋಷ್ಟಕ ತಿಳಿದರೆ ಸಾಲದು, ಅದನ್ನು ಯಾವಾಗ ಬಳಸಬೇಕು ಎಂಬುದೂ ತಿಳಿದಿರಬೇಕು. ಒಟ್ಟು ಮೊತ್ತಕ್ಕೆ ಒಮ್ಮೆ ಬಳಸಿದರೆ 16 ಆಣೆಗೆ 100 ನಯೇ ಪೈಸೆ. ಒಂದೊಂದೇ ಆಣೆಯನ್ನು ಬಿಡಿಬಿಡಿಯಾಗಿ ಬದಲಾಯಿಸಿದರೆ 16 ಬಾರಿಗೆ ಸಿಗುವುದು 96. ನಾಲ್ಕು ಪೈಸೆ ಗಾಳಿಯಲ್ಲಿ ಮಾಯ. ತಿಂಗಳ ಸಂಬಳದವನಿಗೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ. ದಿನದ ಕೂಲಿಯಲ್ಲಿ ಒಂದಾಣೆಯ ಎಣ್ಣೆ, ಒಂದಾಣೆಯ ಬೆಲ್ಲ, ಅರ್ಧಾಣೆಯ ಉಪ್ಪು ಕೊಳ್ಳುವವನಿಗೆ ಮಾತ್ರ ಪ್ರತಿ ಬಾರಿಯೂ ಚೂರಿನ ಪ್ರಶ್ನೆ. ಅಂಗಡಿಯವನು ಆಣೆಗೆ ಆರು ಹಿಡಿದರೆ ಅವನಿಗೆ ಕಾಲು ಪೈಸೆ ನಷ್ಟ, ಏಳು ಹಿಡಿದರೆ ಗಿರಾಕಿಗೆ ಮುಕ್ಕಾಲು ಪೈಸೆ ನಷ್ಟ. ಹಣದ ನಿಯಮ ಬದಲಾದಾಗ ಅದರ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಸಿಗಲಾರದು.

ಗುಲ್ಬರ್ಗ ಸೀಮೆಯಲ್ಲಿ ಇದು ಇನ್ನಷ್ಟು ಜಟಿಲ. ಅಲ್ಲಿ ಹಾಲಿಯ ಲೆಕ್ಕ ಇನ್ನೂ ಪೂರ್ತಿ ಅಳಿದಿರಲಿಲ್ಲ. ಒಂದು ಹಾಲಿ ರೂಪಾಯಿ ಎಂದರೆ 86 ನಯೇ ಪೈಸೆಗೆ ಕೊಂಚ ಕಡಿಮೆ; ಒಂದು ಹಾಲಿ ಆಣೆ ಎಂದರೆ ಐದೂಕಾಲಕ್ಕಿಂತ ತುಸು ಹೆಚ್ಚು. ಹಳೆಯ ನೋಟಿನ ಮೇಲಿದ್ದ ಕನ್ನಡವೂ ಹೊಸ ನಾಣ್ಯದ ಮೇಲೆ ಇರಲಿಲ್ಲ. ನಯಾ ಪೈಸೆಯ ಮೇಲೆ ಅದು ರೂಪಾಯಿಯ ನೂರನೇ ಒಂದು ಭಾಗವೆಂಬ ಪಾಠವನ್ನು ಕೊರೆಯಲಾಗಿತ್ತು, ಆದರೆ ದೇವನಾಗರಿ ಅಕ್ಷರಗಳಲ್ಲಿ. ಓದಲು ಬಾರದವರು ಅಂಕಿ ಮತ್ತು ಆಕಾರದಿಂದ ಗುರುತು ಹಿಡಿದರು: ದುಂಡಗಿನದು ಒಂದು, ಚೌಕದ್ದು ಐದು, ಅಂಚು ಅಲೆಯಂತಿರುವುದರಲ್ಲಿ ಚಿಕ್ಕದು ಎರಡು, ದೊಡ್ಡದು ಹತ್ತು.

ಹಳೆಯ ಆಣೆಗಳನ್ನು ತಕ್ಷಣ ರದ್ದು ಮಾಡದೆ ಕೆಲವು ವರ್ಷ ಎರಡನ್ನೂ ಜೊತೆಯಾಗಿ ನಡೆಸಿದ್ದು ಈ ಬದಲಾವಣೆಯ ಜಾಣತನ. ಜನ ಬಳಕೆಯಿಂದಲೇ ಕಲಿತರು. 1964ರ ಜೂನ್ 1ರಂದು ‘ನಯಾ’ ಎಂಬ ವಿಶೇಷಣವನ್ನು ಕೈಬಿಡಲಾಯಿತು, ಹೊಸದು ಹಳತಾಗಿತ್ತು. ಬ್ರಿಟನ್ನಿನಲ್ಲಿ ಇದೇ ಬದಲಾವಣೆ ಬಂದದ್ದು 1971ರ ಫೆಬ್ರುವರಿ 15ರಂದು. ಅದಕ್ಕಾಗಿ ಅಲ್ಲಿ ವರ್ಷಗಟ್ಟಲೆ ಪ್ರಚಾರ ನಡೆಯಿತು. ಅಜ್ಜಿಯೊಬ್ಬಳು ಹೊಸ ಲೆಕ್ಕ ಕಲಿಯುವ ಕಥೆಯನ್ನು ಟೆಲಿವಿಷನ್ ನಾಟಕವಾಗಿಯೂ ತೋರಿಸಿದರು.

ಒಡೆಯನಿಲ್ಲದ ಕೀರ್ದಿ

ಈ ಎರಡೂ ಪ್ರಸಂಗಗಳಲ್ಲಿ ಒಂದು ಸಮಾನ ಅಂಶವಿದೆ. ನಿರ್ಧಾರ ಮೊದಲು, ಪಾಠ ಆಮೇಲೆ. ಸರ್ಕಾರ ಕಾಯಿದೆ ಮಾಡಿತು, ಜನ ಕಲಿತರು. ನಿರ್ಧರಿಸಲು ಸರ್ಕಾರವೇ ಇಲ್ಲದ ಹಣವೊಂದಿದ್ದರೆ ಅದರ ನಿಯಮ ಬದಲಾಗುವುದು ಹೇಗೆ?

ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ 2008ರ ಅಕ್ಟೋಬರ್ 31ರಂದು ಪ್ರಕಟವಾದ ಒಂದು ಪ್ರಬಂಧದಿಂದ ಬಿಟ್‌ಕಾಯಿನ್ ಹುಟ್ಟಿತು. 2009ರ ಜನವರಿಯಲ್ಲಿ ಅದರ ಜಾಲ ಆರಂಭವಾಯಿತು. ಅಡತಿ ಅಂಗಡಿಯ ಕೀರ್ದಿ ಪುಸ್ತಕವನ್ನು ನೆನೆದರೆ ಇದು ಅರ್ಥವಾಗುತ್ತದೆ. ದಿನದ ಕೊಡುಕೊಳ್ಳುವಿಕೆ ಎಲ್ಲ ಕೀರ್ದಿಯಲ್ಲಿ ಸಾಲಾಗಿ ದಾಖಲಾಗುತ್ತದೆ. ಆ ಕೀರ್ದಿ ಒಬ್ಬ ಸಾಹುಕಾರನ ಬಳಿ ಇರದೆ ಪ್ರಪಂಚದ ಸಾವಿರಾರು ಕಂಪ್ಯೂಟರುಗಳಲ್ಲಿ ಪ್ರತಿಯಾಗಿ ಇದ್ದು, ಸುಮಾರು ಹತ್ತು ನಿಮಿಷಕ್ಕೊಂದು ಹೊಸ ಪುಟ ಸೇರುತ್ತ ಹೋದರೆ ಅದೇ ಬಿಟ್‌ಕಾಯಿನ್. ಈ ಪುಟಕ್ಕೆ ‘ಬ್ಲಾಕ್’ ಎನ್ನುತ್ತಾರೆ. ಒಂದು ಬಿಟ್‌ಕಾಯಿನ್ನನ್ನು ಹತ್ತು ಕೋಟಿ ಚೂರುಗಳಾಗಿ ಒಡೆಯಬಹುದು; ಪೈಯ ಚೂರಿಗಾಗಿ ಪರದಾಡಿದ ಕಾಲಕ್ಕೆ ಇದು ನಂಬಲಾಗದ ಸಂಗತಿ. ಪುಟ ಹೇಗಿರಬೇಕು, ಯಾವ ಸಹಿ ನಿಜ, ಒಟ್ಟು ಎಷ್ಟು ನಾಣ್ಯ ಇರಬಹುದು ಎಂಬ ನಿಯಮಾವಳಿಗೆ ‘ಪ್ರೋಟೊಕಾಲ್’ ಎಂದು ಹೆಸರು. ಗರಿಷ್ಠ ಸಂಖ್ಯೆ 2 ಕೋಟಿ 10 ಲಕ್ಷ.

ನಿಯಮವನ್ನು ಎರಡು ಬಗೆಯಲ್ಲಿ ಬದಲಿಸಬಹುದು. ಹಳೆಯ ಕಂಪ್ಯೂಟರುಗಳೂ ಒಪ್ಪಿಕೊಳ್ಳುವಂತೆ ಹೊಸ ನಿಯಮವನ್ನು ಹೊಂದಿಸುವುದು ‘ಸಾಫ್ಟ್ ಫೋರ್ಕ್’. ಹಳೆಯ ಪಾವಲಿಯೂ ಹೊಸ 25 ಪೈಸೆಯೂ ಒಂದೇ ಗಲ್ಲಾಪೆಟ್ಟಿಗೆಯಲ್ಲಿ ಕೂತಂತೆ ಅದು. ಹಳೆಯದನ್ನು ಬಿಟ್ಟೇ ಹೊರಡುವುದು ‘ಹಾರ್ಡ್ ಫೋರ್ಕ್’. ಎಲ್ಲರೂ ಜೊತೆಗೆ ಹೊರಟರೆ ಸರಿ, ಇಲ್ಲವಾದರೆ ಕೀರ್ದಿಯೇ ಎರಡಾಗುತ್ತದೆ.

ಹಾಗಾದದ್ದೂ ಉಂಟು. ಒಂದು ಪುಟದಲ್ಲಿ ಎಷ್ಟು ವ್ಯವಹಾರ ಹಿಡಿಸಬೇಕು ಎಂಬ ಬಗ್ಗೆ ಬಿಟ್‌ಕಾಯಿನ್ ಬಳಗದಲ್ಲಿ ವರ್ಷಗಳ ಜಗಳ ನಡೆಯಿತು. ಮಾತಿನಿಂದ ಬಗೆಹರಿಸಲು 2015ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ, ಡಿಸೆಂಬರ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ಕಾರ್ಯಾಗಾರಗಳು ನಡೆದವು. ಸಹಿಗಳನ್ನು ಪುಟದ ಮುಖ್ಯ ಭಾಗದಿಂದ ಬೇರ್ಪಡಿಸಿ ಜಾಗ ಉಳಿಸುವ ‘ಸೆಗ್‌ವಿಟ್’ ಎಂಬ ಸಲಹೆಯನ್ನು ತಂತ್ರಜ್ಞ ಪೀಟರ್ ವಿಲ್ ಮಂಡಿಸಿದ್ದು ಹಾಂಗ್‌ಕಾಂಗ್‌ನಲ್ಲಿ. ಆದರೂ ಒಮ್ಮತ ಮೂಡಲಿಲ್ಲ. 2017ರ ಆಗಸ್ಟ್ 1ರಂದು ಒಂದು ಗುಂಪು ‘ಬಿಟ್‌ಕಾಯಿನ್ ಕ್ಯಾಶ್’ ಎಂದು ಬೇರೆಯಾಯಿತು. ಅದೇ ತಿಂಗಳ 24ರಂದು ಮೂಲ ಬಿಟ್‌ಕಾಯಿನ್‌ನಲ್ಲಿ ಸೆಗ್‌ವಿಟ್ ಜಾರಿಗೆ ಬಂತು. ಜಾರಿಯಾದ ಮೇಲೂ ಅದನ್ನು ತಮ್ಮ ತಂತ್ರಾಂಶಕ್ಕೆ ಅಳವಡಿಸಿಕೊಳ್ಳಲು ಹಲವು ಕಂಪೆನಿಗಳು ತಡಮಾಡಿದವು.

ಮೊದಲು ಪಾಠ, ಆಮೇಲೆ ಬದಲಾವಣೆ

ಈ ಅನುಭವದಿಂದ ಒಂದು ಹೊಸ ಕ್ರಮ ಬೆಳೆಯಿತು. ಮುಂದಿನ ದೊಡ್ಡ ಸಲಹೆಯಾದ ‘ಟ್ಯಾಪ್‌ರೂಟ್’ ಇನ್ನೂ ಕರಡಿನ ಹಂತದಲ್ಲಿದ್ದಾಗಲೇ ಬಿಟ್‌ಕಾಯಿನ್ ಆಪ್‌ಟೆಕ್ ಎಂಬ ಸಂಸ್ಥೆ 2019ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ಮತ್ತು ನ್ಯೂಯಾರ್ಕ್‌ಗಳಲ್ಲಿ ಕಾರ್ಯಾಗಾರ ನಡೆಸಿತು. ಕರೆದದ್ದು ಬಿಟ್‌ಕಾಯಿನ್ ವ್ಯವಹಾರ ನಡೆಸುವ ಕಂಪೆನಿಗಳ ಎಂಜಿನಿಯರುಗಳನ್ನು. ಉಪನ್ಯಾಸದ ಜೊತೆಗೆ ಪ್ರತಿಯೊಬ್ಬರೂ ಹೊಸ ನಿಯಮದಂತೆ ಸಹಿ ಮಾಡುವ, ಅದನ್ನು ಪರೀಕ್ಷಿಸುವ ಚಿಕ್ಕ ಪ್ರೋಗ್ರಾಮುಗಳನ್ನು ತಾವೇ ಬರೆದು ನೋಡಬೇಕಿತ್ತು. ಸಲಹೆಯಲ್ಲಿ ಲೋಪವಿದ್ದರೆ, ತಮ್ಮ ಕೆಲಸಕ್ಕೆ ತೊಡಕಾಗುವುದಿದ್ದರೆ ಆಗಲೇ ಹೇಳಲಿ ಎಂಬುದು ಉದ್ದೇಶ.

ಟ್ಯಾಪ್‌ರೂಟ್ ಎಂದರೇನು? ಊರಿನ ಸಹಕಾರ ಸಂಘವೊಂದರ ಖಾತೆಯಿಂದ ಹಣ ತೆಗೆಯಲು ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರ ಸಹಿ ಬೇಕು ಎಂದುಕೊಳ್ಳಿ. ಹಿಂದಿನ ನಿಯಮದಲ್ಲಿ ಮೂರು ಸಹಿಗಳೂ ಕೀರ್ದಿಯಲ್ಲಿ ಬರೆಯಲ್ಪಡುತ್ತಿದ್ದವು. ಜಾಗವೂ ಹೆಚ್ಚು, ಇದು ಸಂಘದ ಖಾತೆಯೆಂಬುದೂ ಊರಿಗೆಲ್ಲ ಗೊತ್ತು. ಜರ್ಮನ್ ಗಣಿತಜ್ಞ ಕ್ಲಾಸ್ ಶ್ನೋರ್ ರೂಪಿಸಿದ ಸಹಿಯ ವಿಧಾನದಲ್ಲಿ ಮೂವರ ಸಹಿಯನ್ನು ಸೇರಿಸಿ ಒಂದೇ ಸಹಿಯಾಗಿಸಬಹುದು. ನೋಡುವವರಿಗೆ ಅದು ಒಬ್ಬನ ಸಹಿಯಂತೆಯೇ ಕಾಣುತ್ತದೆ. ಮೂವರಲ್ಲಿ ಒಬ್ಬರು ಇಲ್ಲವಾದರೆ ಏನು ಮಾಡಬೇಕು ಎಂಬಂಥ ಷರತ್ತುಗಳನ್ನೂ, ಅವು ಬಳಕೆಗೆ ಬರುವವರೆಗೆ ಬಚ್ಚಿಡಬಹುದು.

ಕಾರ್ಯಾಗಾರಗಳ ಬೆನ್ನಿಗೆ, ಅದೇ ವರ್ಷದ ಕೊನೆಯಲ್ಲಿ, ಆಸಕ್ತರೆಲ್ಲ ಕರಡನ್ನು ವಾರವಾರ ಓದಿ ಚರ್ಚಿಸುವ ಏಳು ವಾರಗಳ ಪರಿಶೀಲನೆ ಆರಂಭವಾಯಿತು. ಕೊನೆಗೆ ಸಮ್ಮತಿಯ ಸೂಚನೆ ಕೇಳಲಾಯಿತು. 2,016 ಪುಟಗಳ ಒಂದು ಅವಧಿಯಲ್ಲಿ, ಅಂದರೆ ಸುಮಾರು ಎರಡು ವಾರದಲ್ಲಿ, ಶೇಕಡ 90ರಷ್ಟು ಪುಟಗಳು ಒಪ್ಪಿಗೆಯ ಗುರುತು ಹೊತ್ತು ಬರಬೇಕೆಂಬುದು ಷರತ್ತು. 2021ರ ಜೂನ್‌ನಲ್ಲಿ ಅದು ಈಡೇರಿತು. ಕಂಪೆನಿಗಳು ಸಿದ್ಧವಾಗಲೆಂದು ಇನ್ನೂ ಐದು ತಿಂಗಳು ಕಾದು, 2021ರ ನವೆಂಬರ್ 14ರಂದು 7,09,632ನೇ ಪುಟದಿಂದ ಟ್ಯಾಪ್‌ರೂಟ್ ಜಾರಿಯಾಯಿತು. ಈ ಬಾರಿ ಕೀರ್ದಿ ಎರಡಾಗಲಿಲ್ಲ.

ಇದರ ಪಕ್ಕದಲ್ಲಿ 2016ರ ನವೆಂಬರ್ 8ರ ರಾತ್ರಿಯನ್ನು ಇಟ್ಟು ನೋಡಬಹುದು. ಅಂದು 500 ಮತ್ತು 1,000 ರೂಪಾಯಿಯ ನೋಟುಗಳು ರದ್ದಾದವು. ಗುಟ್ಟೇ ಆ ಕ್ರಮದ ಜೀವಾಳವಾಗಿದ್ದುದರಿಂದ ಮುಂಚಿತವಾಗಿ ಕಲಿಸುವ ಅವಕಾಶವೇ ಇರಲಿಲ್ಲ. ಬ್ಯಾಂಕುಗಳ ಮುಂದಿನ ಸಾಲಿನಲ್ಲಿ ನಿಂತೇ ಜನ ಹೊಸ ನಿಯಮ ತಿಳಿದರು.

ಕೊನೆಯ ಅಂಗಡಿಯವರೆಗೆ

ಕರ್ನಾಟಕಕ್ಕೂ ಬಿಟ್‌ಕಾಯಿನ್‌ಗೂ ನಂಟು ಬೆಳೆದು ವರ್ಷಗಳಾದವು. 2013ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಬಿಟ್‌ಕಾಯಿನ್ ಸಮ್ಮೇಳನ ನಡೆಯಿತು. ಅದೇ ತಿಂಗಳ 24ರಂದು ರಿಸರ್ವ್ ಬ್ಯಾಂಕ್ ಇಂಥ ಹಣದ ಅಪಾಯಗಳ ಬಗ್ಗೆ ಜನರನ್ನು ಎಚ್ಚರಿಸಿತು. 2018ರ ಏಪ್ರಿಲ್‌ನಲ್ಲಿ ಬ್ಯಾಂಕುಗಳು ಈ ವ್ಯವಹಾರದವರಿಗೆ ಸೇವೆ ನೀಡಬಾರದೆಂದು ಅದು ಹೊರಡಿಸಿದ ಸುತ್ತೋಲೆಯನ್ನು 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ರದ್ದುಪಡಿಸಿತು. 2022ರ ಏಪ್ರಿಲ್‌ನಿಂದ ಇದರ ಲಾಭದ ಮೇಲೆ ಶೇಕಡ 30ರ ತೆರಿಗೆ ಬಂತು. ತೆರಿಗೆ ಬಂದ ಮಾತ್ರಕ್ಕೆ ಅದು ಅಧಿಕೃತ ಹಣವಾಗಲಿಲ್ಲ. ಇನ್ನೊಂದೆಡೆ ರಿಸರ್ವ್ ಬ್ಯಾಂಕ್ ತನ್ನದೇ ಡಿಜಿಟಲ್ ರೂಪಾಯಿಯ ಪ್ರಯೋಗವನ್ನು ಸಾರ್ವಜನಿಕರಿಗಾಗಿ 2022ರ ಡಿಸೆಂಬರ್ 1ರಂದು ಆರಂಭಿಸಿದಾಗ ಮೊದಲ ನಾಲ್ಕು ನಗರಗಳಲ್ಲಿ ಬೆಂಗಳೂರೂ ಒಂದಾಗಿತ್ತು.

ಬಿಟ್‌ಕಾಯಿನ್‌ನ ಕಾರ್ಯಾಗಾರಗಳು ಬದಲಾವಣೆಗೆ ಮುಂಚೆ ಪಾಠ ಹೇಳುವ ಒಳ್ಳೆಯ ರೂಢಿಯನ್ನು ತಂದವು ಎಂಬುದು ನಿಜ. ಆದರೆ ಆ ಪಾಠ ತಲುಪಿದ್ದು ಎಂಜಿನಿಯರುಗಳಿಗೆ, ಅದೂ ಇಂಗ್ಲಿಷಿನಲ್ಲಿ. ಮೊಬೈಲಿನಲ್ಲಿ ಐನೂರು, ಸಾವಿರ ರೂಪಾಯಿ ಹಾಕಿ ಬೆಲೆ ಏರುವುದನ್ನು ಕಾಯುವ ಚಿಕ್ಕ ಊರಿನ ಯುವಕನಿಗೆ ಅದರ ನಿಯಮಗಳು ಯಾರ ಒಪ್ಪಿಗೆಯಿಂದ ಬದಲಾಗುತ್ತವೆ, ತನ್ನ ಹಣವನ್ನು ಇಟ್ಟುಕೊಂಡ ಕಂಪೆನಿ ಹೊಸ ನಿಯಮಕ್ಕೆ ಸಿದ್ಧವಾಗಿದೆಯೇ, ಕೀರ್ದಿ ಎರಡಾದರೆ ತನ್ನ ಪಾಲು ಯಾವುದು ಎಂಬುದು ತಿಳಿಯುವ ದಾರಿ ಕಡಿಮೆ. ಬಾಯಿಲೆಕ್ಕ ಬಾರದೆ ಚಿಲ್ಲರೆ ವ್ಯಾಪಾರಿಯನ್ನು ನಂಬಿದ ಭೀಮಾ ತೀರದ ರೈತನ ಸ್ಥಿತಿಗೂ ಅವನ ಸ್ಥಿತಿಗೂ ಬಹಳ ಅಂತರವಿಲ್ಲ.

25 ಪೈಸೆಯ ನಾಣ್ಯ 2011ರ ಜೂನ್ 30ರ ನಂತರ ಚಲಾವಣೆಯಿಂದ ಹೊರಟುಹೋಯಿತು. ಚಾರಾಣೆ ಕೋಳಿಗೆ ಬಾರಾಣೆ ಮಸಾಲೆ ಎಂಬ ಗಾದೆ, ಹದಿನಾರಾಣೆ ಸತ್ಯ ಎಂಬ ಮಾತು ಮಾತ್ರ ಉಳಿದಿವೆ. ಹಾಲಿ ಸಿಕ್ಕಾದ ನೋಟುಗಳು ಈಗ ಸಂಗ್ರಹಕಾರರ ಪೆಟ್ಟಿಗೆ ಸೇರಿವೆ. ಅವುಗಳನ್ನು ಕೈಗೆತ್ತಿಕೊಂಡರೆ ಉರ್ದು ಅಕ್ಷರಗಳ ಜೊತೆಗೆ ಮೊತ್ತವನ್ನು ಹೇಳುವ ಕನ್ನಡದ ಸಾಲೂ ಕಣ್ಣಿಗೆ ಬೀಳುತ್ತದೆ. ನಿಜಾಮನ ಆಡಳಿತಕ್ಕೆ ಕನ್ನಡದ ಮೇಲೆ ವಿಶೇಷ ಮಮತೆ ಇತ್ತೆಂದು ಯಾರೂ ಹೇಳಲಾರರು. ಆದರೂ ಹಣ ನಡೆಯಬೇಕಾದರೆ ಅದರ ಬೆಲೆ ಹಿಡಿದವನಿಗೆ ಅರ್ಥವಾಗಬೇಕು ಎಂಬಷ್ಟು ಲೆಕ್ಕ ಆ ನೋಟನ್ನು ಅಚ್ಚು ಹಾಕಿಸಿದವರಿಗೆ ಗೊತ್ತಿತ್ತು.